ನೀಲಿ ಹಾಕಿದ ಲಂಗ

ಬಟ್ಟೆಯ ಪಟ್ಟಿ ತಾನಾಗಿ ಆರಲಿಲ್ಲ.

ವನಜಾಕ್ಷಿ ಅದನ್ನು ಇಕ್ಕಳದಲ್ಲಿ ಹಿಡಿದು ನೀರಿನ ಬೋಗುಣಿಯ ಮೇಲೆ ಎತ್ತಿಕೊಂಡಿದ್ದಳು. ಕಡ್ಡಿ ಗೀರಿ ಪಟ್ಟಿಯ ಕೆಳತುದಿಗೆ ಮುಟ್ಟಿಸಿ, ಎಂದಿನಂತೆ ಕಡ್ಡಿಯನ್ನು ಹಿಂದಕ್ಕೆ ಸರಿಸಿದಳು. ಎಂದಿನಂತೆಯೇ ಆಗಿದ್ದರೆ ತುದಿ ಕಪ್ಪಾಗಿ, ಸಣ್ಣಗೆ ಹೊಗೆಯಾಡಿ, ಅಲ್ಲಿಗೇ ನಂದಿಹೋಗಬೇಕಿತ್ತು. ಇವತ್ತು ಹಾಗಾಗಲಿಲ್ಲ. ಉರಿ ತುದಿಯಲ್ಲೇ ಸ್ವಲ್ಪ ಹೊತ್ತು ಯೋಚಿಸುತ್ತ ಕೂತಂತೆ ಕಂಡು, ಆಮೇಲೆ ಸರ್ರನೆ ಮೇಲೇರಿ ಇಕ್ಕಳದ ಬಾಯಿಯವರೆಗೂ ಬಂದುಬಿಟ್ಟಿತು. ಅವಳು ಬೆಚ್ಚಿ ಕೈಬಿಟ್ಟಳು. ಬೋಗುಣಿಯಲ್ಲಿ ಚುಂಯ್ ಎಂದಿತು. ನೀರಿನ ಮೇಲೆ ಒಂದು ಚೂರು ಕರಿ ತೇಲಿತು.

ತಪ್ಪು ಬಟ್ಟೆಯಿರಬೇಕು ಅಂದುಕೊಂಡಳು. ಪ್ರತಿ ಲಂಗದ ಒಳಮಡಿಕೆಯಲ್ಲೂ ಪರೀಕ್ಷೆಗೆಂದೇ ಬೆರಳಗಲದ ಪಟ್ಟಿಯೊಂದನ್ನು ಬಿಟ್ಟಿದ್ದರು. ಬೇರೊಂದು ಲಂಗದಿಂದ ಕತ್ತರಿಸಿ ನೋಡಿದಳು. ಅದೂ ಹಾಗೆಯೇ ಹೊತ್ತಿಕೊಂಡಿತು. ಈ ಸಲ ಅರ್ಧ ಉರಿಯುವಷ್ಟರಲ್ಲಿ ಬೋಗುಣಿಗೆ ಅದ್ದಿದಳು. ಮೂರನೆಯದಕ್ಕೆ ಕಡ್ಡಿ ಗೀರಲು ಕೈ ಬರಲಿಲ್ಲ. ಲಂಗವನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಬಟ್ಟೆ ಬೆಳ್ಳಗಿತ್ತು. ಕಳೆದ ವಾರ ಇದ್ದ ಮಾಸಲು ಬಣ್ಣ ಎಲ್ಲೂ ಇರಲಿಲ್ಲ. ಹಬ್ಬದ ದಿನ ಪೆಟ್ಟಿಗೆಯಿಂದ ತೆಗೆದ ಪಂಚೆಯ ಬಿಳುಪು ಅದು. ಸೊಂಟಪಟ್ಟಿಯ ಹೊಲಿಗೆಯ ಸಂದಿನಲ್ಲಿ ಮಾತ್ರ ಕೂದಲೆಳೆಯಷ್ಟು ನೀಲಿ ಗೆರೆ ನಿಂತಿತ್ತು.

ಆ ನೀಲಿಯ ಗುರುತು ಹಿಡಿಯಲು ಅವಳಿಗೆ ಕಷ್ಟವಾಗಲಿಲ್ಲ. ಬಿಳಿ ಬಟ್ಟೆ ಒಗೆಯುವ ಯಾವ ಮನೆಯ ಬಚ್ಚಲಿನ ಗೂಡಿನಲ್ಲಾದರೂ ಅದು ಇರುತ್ತದೆ.

ಹೊಸಕೋಟೆ ಪಕ್ಕದ ಪಿಲ್ಲಗುಂಪೆಯಲ್ಲಿ, ವನಜಾಕ್ಷಿ ಚೆಕ್ಕಿಂಗ್ ಮಾಡುತ್ತಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಇಂಥ ಕೆಲಸ ಬಂದದ್ದು ಅದೇ ಮೊದಲು. ಮಾಮೂಲಾಗಿ ಅಲ್ಲಿ ಹೊಲಿಯುತ್ತಿದ್ದುದು ಗಂಡಸರ ಶರ್ಟು. ಈ ಸಲ ಬಂದದ್ದು ಯೂರೋಪಿನ ಒಂದು ನಾಟಕಶಾಲೆಯ ಆರ್ಡರು. ನೂರೈವತ್ತು ವರ್ಷದ ಹಿಂದಿನ ಬ್ಯಾಲೆ ಕುಣಿತವೊಂದನ್ನು ಆ ಕಾಲದಲ್ಲಿ ಹೇಗೆ ಕುಣಿದಿದ್ದರೋ ಹಾಗೆಯೇ ಕುಣಿಸಬೇಕೆಂದು ಅವರು ಹೊರಟಿದ್ದರು. ಹಾಗಾಗಿ ಅದೇ ಹತ್ತಿಯ ಜಾಳು ಬಟ್ಟೆ, ಅದೇ ಕೈಹೊಲಿಗೆಯ ನೆರಿಗೆ, ರಂಗದ ಅಂಚಿನಲ್ಲಿ ಅದೇ ಉರಿಯುವ ದೀಪಗಳ ಸಾಲು. ಇಂಗ್ಲಿಷಿನ ದಪ್ಪ ಫೈಲೊಂದನ್ನು ಮ್ಯಾನೇಜರ್ ದೇವೇಂದ್ರ ತಂದು ವನಜಾಕ್ಷಿಯ ಮೇಜಿನ ಮೇಲಿಟ್ಟು, "ನೀವು ಹಿಸ್ಟರಿ ಬಿ.ಎ. ಅಲ್ವೇನ್ರೀ? ಓದಿ ಹೆಂಗಸರಿಗೆ ಒಂದಿಷ್ಟು ತಿಳಿಸಿ. ಏನು ಹೊಲೀತಿದೀವಿ ಅಂತ ಗೊತ್ತಿದ್ರೆ ನೆರಿಗೆ ಸರಿಯಾಗಿ ಬೀಳತ್ತೆ," ಎಂದಿದ್ದ.

ಅವಳು ಓದಿದಳು. ಊಟದ ಹೊತ್ತಿನಲ್ಲಿ, ಕಟಿಂಗ್ ಮೇಜಿನ ಸುತ್ತ ಡಬ್ಬಿ ಬಿಚ್ಚಿ ಕೂತವರಿಗೆ ಚಿತ್ರಗಳನ್ನು ತೋರಿಸುತ್ತ ಹೇಳಿದಳು. ಮೊದಮೊದಲು ಕುಣಿಯುವವರು ನೆಲ ಗುಡಿಸುವಂಥ ಭಾರದ ಉಡುಪು ತೊಡುತ್ತಿದ್ದರು. ಸಾವಿರದ ಎಂಟುನೂರ ಮೂವತ್ತರ ಸುಮಾರಿಗೆ ಗಂಟೆಯ ಆಕಾರದ ಬಿಳಿಯ ಲಂಗ ಬಂತು. ಜೇಡರ ಬಲೆಯಷ್ಟು ತೆಳುವಾದ ಬಟ್ಟೆ, ಪದರದ ಮೇಲೆ ಪದರ. ಕುಣಿಯುವವಳು ಮನುಷ್ಯಳಲ್ಲ, ಮಂಜಿನಿಂದ ಎದ್ದು ಬಂದ ಯಾವುದೋ ಜೀವ ಅನ್ನಿಸಬೇಕು, ಅದಕ್ಕೆ. ಆಮೇಲೆ ಕಾಲಿನ ಕೆಲಸ ಕಾಣಲೆಂದು ವರ್ಷ ಹೋದಂತೆ ಲಂಗ ಮೇಲಕ್ಕೆ ಸರಿಯಿತು. ಆ ಶತಮಾನ ಮುಗಿಯುವಷ್ಟರಲ್ಲಿ ಅದು ಮೊಣಕಾಲನ್ನೂ ದಾಟಿ, ಸೊಂಟದ ಸುತ್ತ ತಟ್ಟೆಯ ಹಾಗೆ ಚಾಚಿ ನಿಂತುಬಿಟ್ಟಿತ್ತು. ಟುಟು ಅನ್ನುತ್ತಾರೆ ಅದಕ್ಕೆ.

"ಹೆಸ್ರು ನೋಡು, ಕೋಳಿಮರಿ ಕರ್ದಂಗೈತೆ," ಎಂದಳು ಪಿಳ್ಳಮ್ಮ. ಆ ಸಾಲಿನ ಟೈಲರುಗಳಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. "ನೂರು ವರ್ಸದಲ್ಲಿ ಅಷ್ಟುದ್ದ ಬಟ್ಟೆ ಉಳಿಸವ್ರೆ. ಅದ್ಕೇ ಕಣಮ್ಮ ಅವ್ರು ಸಾವ್ಕಾರ್ರು, ನಾವು ಹಿಂಗೆ."

"ಸೊಳ್ಳೆಪರದೆ ಕಣಕ್ಕ ಇದು," ಎಂದಳು ಪಕ್ಕದ ಮಿಷನ್ನಿನ ಚೈತ್ರ. "ಒಳಗೆ ಒಂದ್ ಮಗ ಮಲಗಿಸ್ಬೋದು. ಇದನ್ನ ಉಟ್ಕೊಂಡ್ ಹೋದ್ರೆ ನಮ್ಮತ್ತೆ ಒನಕೆ ತಗೊಂಡ್ ಅಟ್ಟಿಸ್ಕೊಂಡ್ ಬತ್ತಾಳೆ."

ನಗು ನಿಂತ ಮೇಲೆ ವನಜಾಕ್ಷಿ ಬೆಂಕಿಯ ಸಂಗತಿ ಹೇಳಿದಳು. ಆಗ ರಂಗಕ್ಕೆ ಗ್ಯಾಸಿನ ದೀಪ. ತೆಳು ಬಟ್ಟೆಗೆ ಕಿಡಿ ಸೋಕಿದರೆ ಮುಗಿಯಿತು. ಎಷ್ಟೋ ಹುಡುಗಿಯರು ಸತ್ತಿದ್ದರು. ಕೊನೆಗೆ ದೊರೆಯೇ ಆಜ್ಞೆ ಮಾಡಿ, ಬಟ್ಟೆಯನ್ನು ಪಟಿಕದಂಥ ಉಪ್ಪಿನ ನೀರಿನಲ್ಲಿ ಅದ್ದಿಯೇ ಉಡಬೇಕೆಂದು ಕಟ್ಟಳೆ ತಂದ. ಪ್ಯಾರಿಸ್ಸಿನಲ್ಲಿ ಒಬ್ಬ ಹುಡುಗಿ, ಇನ್ನೂ ಇಪ್ಪತ್ತರ ಆಸುಪಾಸು, ಒಲ್ಲೆನೆಂದಳು. ಅದ್ದಿದ ಬಟ್ಟೆ ಮಂಕಾಗುತ್ತದೆ, ಬಿರುಸಾಗುತ್ತದೆ, ನನಗೆ ಬೇಡ ಎಂದಳು. ಒಂದು ದಿನ ಅಭ್ಯಾಸದ ಹೊತ್ತಿನಲ್ಲಿ, ತನ್ನ ಸರದಿಗೆ ಕಾಯುತ್ತ ಕೂರಲು ಹೋದಳು. ನೆರಿಗೆ ಮುದುಡದಿರಲೆಂದು ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಒಮ್ಮೆ ಅರಳಿಸಿದಳು. ಅಷ್ಟೇ ಗಾಳಿ ಸಾಕಾಯಿತು. ಆಕೆಯ ಉಡುಪಿನ ಉಳಿದ ಚೂರುಗಳನ್ನು ಈಗಲೂ ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಡಬ್ಬಿಗಳ ಸದ್ದು ನಿಂತಿತ್ತು. ಅಂಗಳದ ತಂತಿಗಳ ಮೇಲೆ, ಬೆಂಕಿ ಹತ್ತದಿರಲೆಂದು ಬಿಳಿಗಾರದ ನೀರಿನಲ್ಲಿ ಅದ್ದಿ ಡ್ರಮ್ಮಿನಿಂದ ಆಗತಾನೇ ತೆಗೆದ ಬಟ್ಟೆ ಒಣಗುತ್ತಿತ್ತು. ಪಿಳ್ಳಮ್ಮ ಅದರತ್ತ ತಿರುಗಿ, "ಮತ್ತೆ ಇದೂ ಮಂಕಾಗೇ ಐತಲ್ಲಮ್ಮ," ಎಂದಳು. ವನಜಾಕ್ಷಿ ಉತ್ತರ ಹೇಳಲು ಬಾಯಿ ತೆರೆದಳು. ಸೈರನ್ ಕೂಗಿತು. ಎಲ್ಲರೂ ಕೈ ತೊಳೆಯಲು ಎದ್ದರು. ಅದ್ದಿದ ಬಟ್ಟೆಗೆ ಮತ್ತೆ ನೀರು ಮುಟ್ಟಿಸಬಾರದು, ಮುಟ್ಟಿಸಿದರೆ ಮದ್ದು ಕರಗಿಹೋಗುತ್ತದೆ ಎಂದು ಫೈಲಿನಲ್ಲಿದ್ದ ಮಾತನ್ನು ಅವಳು ದೇವೇಂದ್ರನಿಗೆ ಹೇಳಿದ್ದಳು, ಡ್ರಮ್ಮು ನೋಡಿಕೊಳ್ಳುವ ಬೈಲಪ್ಪನಿಗೂ ಹೇಳಿದ್ದಳು. ಒಗೆಯುವುದು ಯಾರ ಕೈಕೆಲಸವೋ ಅವರಿಗೆ ಹೇಳಬೇಕೆಂದು ಹೊಳೆದಿರಲಿಲ್ಲ.

ಈಗ ಅವಳು ಲಂಗವನ್ನು ತೋಳ ಮೇಲೆ ಹಾಕಿಕೊಂಡು ಹೊಲಿಗೆ ಹಾಲಿಗೆ ನಡೆದಳು. ಪಿಳ್ಳಮ್ಮ ಕತ್ತೆತ್ತಿ ನೋಡಿದವಳೇ ಬಾಯ್ತುಂಬ ನಕ್ಕಳು.

"ನೋಡ್ಬುಟ್ಯಾ ವನಜಮ್ಮ! ನೀನಾಗೇ ನೋಡ್ಲಿ ಅಂತ ಬಾಯಿ ಕಟ್ಕೊಂಡಿದ್ದೆ. ಭಾನುವಾರ ಓಟಿ ಕೆಲ್ಸ ಇತ್ತಲ್ಲ, ನಾನೂ ಚೈತ್ರಾನೂ ಸೇರ್ಕೊಂಡು ಒಂದೊಂದ್ನೂ ಜಾಲಿಸಿ, ನೀಲಿ ಹಾಕಿ, ಗಂಜಿ ಕೊಟ್ಟು ಒಣಗಾಕಿದ್ವಿ. ಹೆಂಗವೆ? ಕೊಕ್ಕರೆ ರೆಕ್ಕೆ ಇದ್ದಂಗಿಲ್ವಾ?"

"ಯಾರು ಹೇಳಿದ್ರು ಪಿಳ್ಳಕ್ಕ?"

"ಯಾರ್ ಹೇಳ್ಬೇಕು? ನೀನೇ ಹೇಳ್ದಲ್ಲ. ಬಟ್ಟೆ ಮಂಕು ಅಂತ ಆ ಹುಡ್ಗಿ ಬ್ಯಾಡ ಅಂದ್ಲು, ಅದ್ಕೇ ಸುಟ್ಕೊಂಡ್ಲು ಅಂತ. ಇವ್ರೂ ಹಂಗೇ ಬ್ಯಾಡ ಅಂದ್ಬುಟ್ರೆ? ಬೆಳ್ಳಗಿದ್ರೆ ತಕರಾರಿಲ್ದೆ ಉಟ್ಕೋತಾರೆ. ಉಟ್ಕೊಂಡ್ರೆ ಬದುಕ್ತಾರೆ. ಹೆತ್ತೋರ ಹೊಟ್ಟೆ ತಣ್ಣಗಿರ್ತದೆ."

ವನಜಾಕ್ಷಿಗೆ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ಚೆನ್ನಾಗಿತ್ತು. "ನೀರು ಬಿದ್ರೆ ಮದ್ದು ಹೋಗಿಬಿಡತ್ತೆ ಪಿಳ್ಳಕ್ಕ. ಏನೂ ಉಳಿಯಲ್ಲ. ಈಗ ಕಡ್ಡಿ ಹಚ್ಚಿ ನೋಡಿ ಬಂದೆ," ಎಂದಳು.

ಪಿಳ್ಳಮ್ಮನ ಕೈ ಮಿಷನ್ನಿನ ಚಕ್ರದ ಮೇಲೆಯೇ ನಿಂತಿತು. ಅವಳು ಲಂಗವನ್ನು ನೋಡಿದಳು. ಆಮೇಲೆ ವನಜಾಕ್ಷಿಯ ಮುಖ ನೋಡಿದಳು. ಮುಖದ ನಗು ಪೂರ್ತಿ ಇಳಿಯುವ ಮೊದಲೇ ಬೇರೇನೋ ನೆನಪಾದ ಹಾಗೆ ತುಟಿ ಕಚ್ಚಿಕೊಂಡಳು.

"ಮಗೀಂದು..." ಎಂದಳು.

"ಯಾವ ಮಗು?"

"ನಿನ್ ಮಗೀಂದು ಕಣಮ್ಮ. ಶನಿವಾರ ಆ ಚಿಕ್ಕ ಡ್ಯಾಮೇಜ್ ಪೀಸು ಕೊಟ್ಟು, ಇಸ್ತ್ರಿ ಮಾಡಿಕ್ಕು ಪಿಳ್ಳಕ್ಕ, ಸಂಜೆ ಒಯ್ತೀನಿ ಅಂದೆ ನೋಡು. ಮೊದ್ಲು ನೀಲಿ ಹಾಕಿದ್ದೇ ಅದ್ಕೆ. ಹೆಂಗ್ ಬತ್ತದೋ ನೋಡಾನ ಅಂತ. ಚೆಂದಾಗಿ ಬಂತು, ಅದ್ಕೇ ಮಿಕ್ಕಿದ್ದಕ್ಕೂ..."

ಸುತ್ತಲಿನ ಮಿಷನ್ನುಗಳೆಲ್ಲ ಓಡುತ್ತಲೇ ಇದ್ದವು. ಗೋಡೆಯ ಗಡಿಯಾರದಲ್ಲಿ ಮೂರೂವರೆ. ಅವತ್ತು ಮಂಗಳವಾರ.

ವನಜಾಕ್ಷಿಗೆ ಯಾವುದರಲ್ಲೂ ಬರಲಿರುವ ಕೆಡುಕೇ ಮೊದಲು ಕಾಣುತ್ತಿತ್ತು. "ನಿನ್ ಕಣ್ಣಿಗೆ ಹಗ್ಗ ಕಂಡ್ರೂ ಹಾವೇ," ಎಂದು ಅವಳ ಅತ್ತೆ ಅಮ್ಮಯಮ್ಮ ಗೊಣಗುತ್ತಿದ್ದರು. ಚೆಕ್ಕಿಂಗ್ ಕೆಲಸಕ್ಕೆ ಆ ಸ್ವಭಾವ ಒಗ್ಗಿತ್ತು. ಸಂಸಾರಕ್ಕೆ ಅಷ್ಟಾಗಿ ಒಗ್ಗಿರಲಿಲ್ಲ. ಹೋದ ವರ್ಷ ಮಗಳು ಕೀರ್ತನಳಿಗೆ ಕಾಮಾಲೆಯಾಗಿ ಕಣ್ಣು ಅರಿಶಿನದಂತಾದಾಗ ಅಮ್ಮಯಮ್ಮ ಊರದೇವತೆ ಸಪ್ಪಲಮ್ಮನಿಗೆ ಹರಕೆ ಹೊತ್ತಿದ್ದರು: ಮಗು ಎದ್ದರೆ ಬರುವ ವರ್ಷ ಅದರ ಕೈಯಲ್ಲೇ ತಂಬಿಟ್ಟಿನ ಆರತಿ ತರಿಸುತ್ತೇನೆ. ಅಕ್ಕಿಹಿಟ್ಟು ಬೆಲ್ಲದ ತಂಬಿಟ್ಟನ್ನು ದೀಪದ ಹಾಗೆ ಕುಳಿಮಾಡಿ, ತುಪ್ಪದ ಬತ್ತಿ ಹಚ್ಚಿ, ಊರಿನ ಹೆಂಗಸರು ಸಾಲಾಗಿ ಗುಡಿಗೆ ಹೋಗುವ ಆರತಿ. ಹೊತ್ತವರು ದಾರಿಯಲ್ಲಿ ಮಾತಾಡಬಾರದು, ದೀಪ ಆರಬಾರದು. ಆ ಮಾತು ಬಂದಾಗಿನಿಂದ ವನಜಾಕ್ಷಿ ರಾತ್ರಿ ಸರಿಯಾಗಿ ಮಲಗಿರಲಿಲ್ಲ. ಅಷ್ಟೊಂದು ದೀಪ, ಅಷ್ಟು ಇಕ್ಕಟ್ಟಿನ ಬೀದಿ, ಎಂಟು ವರ್ಷದ ಹುಡುಗಿ. ಮಗುವಿನ ಹಬ್ಬದ ಫ್ರಾಕುಗಳೆಲ್ಲ ನೈಲಾನು. ಅತ್ತೆಗೆ ಎದುರು ಹೇಳುವ ಹಾಗಿರಲಿಲ್ಲ. ಮಕ್ಕಳ ಪಾತ್ರಕ್ಕೆಂದು ಹೊಲಿದು, ಹೊಲಿಗೆ ಓರೆಯಾಗಿ ಪಕ್ಕಕ್ಕೆ ಎಸೆದಿದ್ದ ಚಿಕ್ಕ ಲಂಗ ಕಣ್ಣಿಗೆ ಬಿದ್ದದ್ದು ಆಗ. ಅದರ ಪಟ್ಟಿಗೆ ಅವಳೇ ಕಡ್ಡಿ ಹಚ್ಚಿ ನೋಡಿದ್ದಳು. ಕಪ್ಪಾಗಿ ನಂದಿತ್ತು. ಲೋಕದಲ್ಲಿ ಬೆಂಕಿ ಮುಟ್ಟದ ಬಟ್ಟೆಯೊಂದಿದ್ದರೆ ಇದೇ ಎಂದು, ದೇವೇಂದ್ರನನ್ನು ಕೇಳಿ, ಪಿಳ್ಳಮ್ಮನ ಕೈಗೆ ಇಸ್ತ್ರಿಗೆ ಕೊಟ್ಟಿದ್ದಳು.

ಮನೆಗೆ ತಂದಾಗ ಟ್ಯೂಬ್‌ಲೈಟಿನಲ್ಲಿ ಅದು ಮೊದಲಿಗಿಂತ ಬೆಳ್ಳಗೆ ಕಂಡಿತ್ತು. ಕಂಡು ಅವಳಿಗೆ ಖುಷಿಯಾಗಿತ್ತು. ಕೀರ್ತನ ಅದನ್ನು ಉಟ್ಟವಳೇ ನಡುಮನೆಯಲ್ಲಿ ಗಿರಗಿರನೆ ತಿರುಗಿ, ಲಂಗ ಕೊಡೆಯ ಹಾಗೆ ಅರಳಿದ್ದನ್ನು ನೋಡಿ ಕೇಕೆ ಹಾಕಿದ್ದಳು. "ದೇವತೆ ಲಂಗ!" ಆಮೇಲೆ ಮೂರು ದಿನವೂ ಅದೇ ಆಟ. ಆರತಿ ಇವತ್ತು ಸಂಜೆಯೇ.

ಆಫೀಸಿನ ಫೋನಿನಿಂದ ಊರಿನ ಹಾಲಿನ ಡೈರಿಗೆ ತಿರುಗಿಸಿದಳು. ಬೂದಿಗೆರೆಯ ಆಚೆಗಿನ ಆ ಊರಿಗೆ ಇದ್ದದ್ದು ಅದೊಂದೇ ಫೋನು. ಅದು ಹೊಡೆದುಕೊಂಡಿತು, ಹೊಡೆದುಕೊಂಡೇ ಇತ್ತು. ಹಬ್ಬದ ದಿನ ಡೈರಿಗೆ ಬೀಗ. ಗಂಡ ಮಂಜೇಶ್ ಹಾಲಿನ ವ್ಯಾನು ತಗೊಂಡು ಕೋಲಾರದ ಕಡೆ ಹೋದವನು, ಬರುವುದು ಕತ್ತಲಾದ ಮೇಲೆ. ಖಾಲಿ ಕೋಣೆಯಲ್ಲಿ ಫೋನು ಬಡಿದುಕೊಳ್ಳುವುದನ್ನು ಇಲ್ಲಿಂದಲೇ ಕೇಳುತ್ತ ಅವಳು ರಿಸೀವರನ್ನು ಕೆಳಗಿಟ್ಟಳು.

ಹಿಂದಿನ ಗೇಟಿನಲ್ಲಿ ಮದ್ರಾಸಿಗೆ ಹೋಗುವ ಲಾರಿ ಬಂದು ನಿಂತಿತ್ತು. ದೇವೇಂದ್ರ ಪ್ಯಾಕಿಂಗ್ ಕೋಣೆಯ ಬಾಗಿಲಲ್ಲಿ, ಸಿಗರೇಟು ಹಚ್ಚದೆ ಬಾಯಲ್ಲಿಟ್ಟುಕೊಂಡು ನಿಂತಿದ್ದ. ಆ ಬಟ್ಟೆ ಬಂದಾಗಿನಿಂದ ಶೆಡ್ಡಿನೊಳಗೆ ಯಾರೂ ಬೀಡಿ ಸಿಗರೇಟು ಹಚ್ಚಕೂಡದೆಂದು ಅಪ್ಪಣೆ ಮಾಡಿದ್ದವನೇ ಅವನು.

"ಸಾರ್, ಎಲ್ಲ ಪೀಸೂ ಫೇಲು. ನೀರಲ್ಲಿ ಜಾಲಿಸಿಬಿಟ್ಟಿದ್ದಾರೆ. ಲಾರಿ ಕಳಿಸಬೇಡಿ. ನನಗೊಂದು ಗೇಟ್ ಪಾಸ್ ಬೇಕು, ಈಗಲೇ ಊರಿಗೆ ಹೋಗಬೇಕು."

ಅವನು ಪೂರ್ತಿ ಕೇಳಿದ. ಅರ್ಧ ಸುಟ್ಟ ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ನೋಡಿ, ವಾಪಸು ಕೊಟ್ಟ.

"ಮತ್ತೆ ಅದ್ದೋಕೆ ಎಷ್ಟು ಹೊತ್ತು?"

"ಒಂದು ದಿನ. ಒಣಗೋದಕ್ಕೆ ಇನ್ನೊಂದು ದಿನ."

"ನಾಳೆ ಮಧ್ಯಾಹ್ನ ಹಡಗು, ವನಜಾಕ್ಷಿಯವ್ರೇ."

"ಉರಿಯೋ ದೀಪದ ಮುಂದೆ ಕುಣಿಯೋರು ಸಾರ್ ಅವರು."

"ಗೊತ್ತು." ಅವನ ದನಿ ಮೆತ್ತಗಿತ್ತು. "ಅಲ್ಲಿ ಅವ್ರು ಒಂದ್ಸಲ ಪರೀಕ್ಷೆ ಮಾಡ್ದೇ ಇರ್ತಾರಾ? ಇಂಥದ್ರಲ್ಲಿ ಅವ್ರು ನಮಗಿಂತ ಹುಷಾರು."

"ನಾವು ಮಾಡಿದೀವಿ ಅಂತ ಮುದ್ರೆ ಇದ್ರೆ ಅವರು ಯಾಕೆ ಮಾಡ್ತಾರೆ ಸಾರ್?"

ದೇವೇಂದ್ರ ಲಾರಿಯ ಕಡೆ ನೋಡಿದ. ಡ್ರೈವರು ಟೈರಿಗೆ ಒದ್ದು ಗಾಳಿ ನೋಡುತ್ತಿದ್ದ. ಅವನು ಜೇಬಿನಿಂದ ಗೇಟ್ ಪಾಸಿನ ಪುಸ್ತಕ ತೆಗೆದು, ಒಂದು ಹಾಳೆಯ ಮೇಲೆ ಅವಳ ಹೆಸರು ಬರೆದ. ಸಹಿ ಮಾಡಲಿಲ್ಲ. ಹಾಳೆಯನ್ನು ರಟ್ಟಿನ ಪೆಟ್ಟಿಗೆಗಳ ಮೇಲಿಟ್ಟು, ಹಾರಿಹೋಗದಂತೆ ಪೆನ್ನನ್ನು ಅದರ ಮೇಲೆ ಅಡ್ಡ ಇಟ್ಟ.

"ನಾಲ್ಕಕ್ಕೆ ಹೊಸಕೋಟೆಯಿಂದ ಬಸ್ಸಿದೆ ಅಲ್ವಾ ನಿಮ್ಮೂರಿಗೆ?" ಎಂದ. "ಆಮೇಲೆ ಆರಕ್ಕೇ ಇರೋದು."

ಅವಳಿಗೆ ಅರ್ಥವಾಯಿತು: ಪೆಟ್ಟಿಗೆಗಳಿಗೆ ಮುದ್ರೆ ಬಿದ್ದ ಮೇಲೆಯೇ ಸಹಿ. ಅವನು ಅವಳ ಕಣ್ಣು ತಪ್ಪಿಸಿ ನಿಂತಿದ್ದ. ಕಣ್ಣು ತಪ್ಪಿಸಿದ್ದರಿಂದಲೇ, ಅವನು ಹೇಳದೆ ಹೇಳಿದ್ದನ್ನು ಮಾಡುವವನೇ ಎಂದೂ ತಿಳಿಯಿತು. ವಾದ ಮಾಡಬಹುದಿತ್ತು. ಮಾಲೀಕರಿಗೆ ಫೋನು ಹಚ್ಚುತ್ತೇನೆ ಎನ್ನಬಹುದಿತ್ತು. ಲಾರಿಯ ಮುಂದೆ ಹೋಗಿ ಕೂತುಬಿಡಬಹುದಿತ್ತು. ಪ್ರತಿಯೊಂದಕ್ಕೂ ಹೊತ್ತು ಬೇಕು. ಕಣ್ಣ ಮುಂದೆ ನಡುಮನೆಯಲ್ಲಿ ಬಿಳಿಯ ಕೊಡೆಯೊಂದು ಗಿರಗಿರನೆ ತಿರುಗುತ್ತಿತ್ತು.

ಪ್ಯಾಕಿಂಗ್ ಮೇಜಿನ ಡ್ರಾಯರಿನಿಂದ, ಪರೀಕ್ಷೆ ಮುಗಿಯಿತೆಂದು ಒತ್ತುವ ಪಾಸ್ ಮುದ್ರೆ ತೆಗೆದಳು. ನೇರಳೆ ಶಾಯಿಯ ಪ್ಯಾಡಿಗೆ ಒತ್ತಿ ಮೊದಲ ಪೆಟ್ಟಿಗೆಯ ಮೇಲೆ ಹಾಕಿದಳು. ಎರಡನೆಯದರ ಮೇಲೆ ಹಾಕಿದಳು. ರಟ್ಟಿನ ಮೇಲೆ ಮುದ್ರೆ ಬೀಳುವ ಸದ್ದು ಬಾಗಿಲು ತಟ್ಟಿದ ಹಾಗೆ ಕೇಳುತ್ತಿತ್ತು. ಹೊಲಿಗೆ ಹಾಲಿನ ಬಾಗಿಲಲ್ಲಿ ಪಿಳ್ಳಮ್ಮ ಬಂದು ನಿಂತು ನೋಡುತ್ತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕೊನೆಯ ಪೆಟ್ಟಿಗೆಯ ಮೇಲೆ ಮುದ್ರೆ ಬಿದ್ದಮೇಲೆ ದೇವೇಂದ್ರ ಹಾಳೆಗೆ ಸಹಿ ಮಾಡಿದ.

ಬಸ್ಸಿನಲ್ಲಿ ಹೂವು ತರಕಾರಿಯ ಬುಟ್ಟಿಗಳ ನಡುವೆ ನಿಲ್ಲಲು ಜಾಗ ಸಿಕ್ಕಿದ್ದೇ ಹೆಚ್ಚು. ಆಮೇಲೆ ಸೀಟು ಖಾಲಿಯಾದರೂ ಅವಳು ಕೂರಲಿಲ್ಲ. ಡ್ರೈವರಿನ ಹಿಂದಿನ ಕಂಬಿ ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು. "ಏನಮ್ಮಾ, ನಿಂತ್ಕೊಂಡ್ರೆ ಬಸ್ಸು ಬೇಗ ಹೋಯ್ತದಾ?" ಎಂದ ಕಂಡಕ್ಟರು. ಮುದುಕಿಯೊಬ್ಬಳು, "ಬುಡಪ್ಪ, ತವರ್ಮನೆ ಹಬ್ಬ ಇರ್ಬೇಕು," ಎಂದಳು. ಎಲ್ಲರೂ ನಕ್ಕರು. ದ್ರಾಕ್ಷಿ ತೋಟಗಳ ಕಲ್ಲುಕಂಬಗಳು ಹಿಂದಕ್ಕೆ ಓಡಿದವು. ಬಸ್ಸು ಊರಿಗೆ ತಿರುಗುವ ಪ್ರತಿ ಗೇಟಿನಲ್ಲೂ ನಿಂತಿತು. ಒಂದು ಕಡೆ ಯಾರದೋ ಕುರಿ ಹತ್ತಿಸಲು ನಿಂತಿತು. ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಒಮ್ಮೆ ಅರಳಿಸಿದಳು ಎಂದು ತಾನೇ ಹೇಳಿದ ಮಾತು ಅವಳ ತಲೆಯಲ್ಲಿ ಸುತ್ತುತ್ತಿತ್ತು. ಹೇಳುವಾಗ ತಾನೂ ಎರಡು ಕೈ ಎತ್ತಿ ಅರಳಿಸಿ ತೋರಿಸಿದ್ದು, ಹೆಂಗಸರು ಉಸಿರು ಬಿಗಿಹಿಡಿದು ನೋಡಿದ್ದು ನೆನಪಾಯಿತು. ಚೆನ್ನಾಗಿ ಹೇಳಿದೆ ಎಂದು ಅವತ್ತು ಅನ್ನಿಸಿತ್ತು.

ಊರ ಗೇಟಿನಲ್ಲಿ ಇಳಿದಾಗ ಬಿಸಿಲು ಕೆಂಪಾಗಿ ಹೊಂಗೆಮರಗಳ ಕೆಳಗೆ ಇಳಿದಿತ್ತು. ತಮಟೆ ಕೇಳಿಸಿತು. ಮನೆಯ ಕಡೆಯಿಂದಲ್ಲ, ಗುಡಿಯ ಬೀದಿಯಿಂದ. ಆರತಿ ಹೊರಟುಬಿಟ್ಟಿತ್ತು.

ಅವಳು ಓಡಿದಳು. ಚಪ್ಪಲಿ ಕಿತ್ತಿತು, ಅಲ್ಲೇ ಬಿಟ್ಟಳು. ಬೀದಿಯ ತಿರುವಿನಲ್ಲಿ ಸಾಲು ಕಂಡಿತು. ಮುಂದೆ ತಮಟೆಯವರು, ಹಿಂದೆ ತಲೆಯ ಮೇಲೆ ತಟ್ಟೆ ಹೊತ್ತ ಹೆಂಗಸರು, ಪ್ರತಿ ತಟ್ಟೆಯಲ್ಲೂ ಹೂವಿನ ನಡುವೆ ಉರಿಯುವ ಬತ್ತಿ. ಪ್ರತಿ ಮನೆಯ ಮುಂದೆ ನೆಲದ ಮೇಲೆ ಕರ್ಪೂರ ಹಚ್ಚಿಟ್ಟಿದ್ದರು. ಬೀದಿಯ ಎರಡೂ ಅಂಚಿನಲ್ಲಿ ಸಣ್ಣ ಸಣ್ಣ ಉರಿಗಳ ಸಾಲು ಗುಡಿಯವರೆಗೂ ಹೋಗಿತ್ತು. ಆ ಎರಡು ಸಾಲುಗಳ ನಡುವೆ, ಎಲ್ಲರಿಗಿಂತ ಕೊನೆಯಲ್ಲಿ, ಬಿಳಿಯ ಲಂಗ.

ಕೀರ್ತನ ಚಿಕ್ಕವಳೆಂದು ತಟ್ಟೆಯನ್ನು ತಲೆಯ ಮೇಲಿಡದೆ ಕೈಗೇ ಕೊಟ್ಟಿದ್ದರು. ಎದೆಯ ಮಟ್ಟದಲ್ಲಿ ದೀಪ, ಅದರ ಕೆಳಗೆ ಅರಳಿ ನಿಂತ ಲಂಗ. ಶುಭಕಾರ್ಯಕ್ಕೆ ಬಿಳಿ ಸಲ್ಲದೆಂದು ಅಮ್ಮಯಮ್ಮ ಅಂಚಿಗೆ ಅಲ್ಲಲ್ಲಿ ಅರಿಶಿನ ಹಚ್ಚಿದ್ದರು. ಹುಡುಗಿ ಹೆಜ್ಜೆ ಇಟ್ಟಾಗಲೆಲ್ಲ ಲಂಗ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ತೂಗಿ, ನೆಲದ ಕರ್ಪೂರದ ಹತ್ತಿರ ಹೋಗಿ ಬರುತ್ತಿತ್ತು.

ಕೂಗಲೆಂದು ತೆರೆದ ಬಾಯಿಯನ್ನು ವನಜಾಕ್ಷಿ ಕೈಯಿಂದ ಮುಚ್ಚಿಕೊಂಡಳು. ಅವಳ ದನಿ ಕೇಳಿದರೆ ಮಗು ತಿರುಗುತ್ತದೆ. ಅಮ್ಮಾ ಎಂದು ಸರ್ರನೆ ತಿರುಗುತ್ತದೆ. ಲಂಗ ಅರಳುತ್ತದೆ.

ಅವಳು ಮನೆಗಳ ಜಗಲಿಗೆ ಒತ್ತಿಕೊಂಡು, ಸದ್ದಿಲ್ಲದೆ, ಮಗಳನ್ನು ದಾಟಿ ಮುಂದೆ ಹೋದಳು. ಮುಂದಿನ ಮನೆಯ ರುಕ್ಮಿಣಮ್ಮ ಹೊಸಿಲ ಬಳಿ ತುಂಬಿದ ಬಿಂದಿಗೆ ಇಟ್ಟುಕೊಂಡು ಕಾಯುತ್ತಿದ್ದಳು. ಆರತಿ ಹೊತ್ತು ಬರುವವರ ಕಾಲಿಗೆ ಮನೆಮನೆಯವರೂ ನೀರು ಹಾಕುವುದು ಆ ಊರಿನ ಪದ್ಧತಿ. ವನಜಾಕ್ಷಿ ಒಂದು ಮಾತೂ ಆಡದೆ ಬಿಂದಿಗೆ ಎತ್ತಿಕೊಂಡು ಬೀದಿಗೆ ಇಳಿದಳು.

"ಲೇ, ನಮ್ಮನೆ ನೀರು ಕಣೇ ಅದು!"

ಕೀರ್ತನ ತಾಯಿಯನ್ನು ಕಂಡಳು. ಕಣ್ಣು ಹೊಳೆಯಿತು. ಮಾತಾಡಬಾರದೆಂದು ಅಜ್ಜಿ ಹೇಳಿದ್ದರಿಂದ ತುಟಿ ಬಿಗಿಹಿಡಿದೇ ನಕ್ಕಳು. ವನಜಾಕ್ಷಿ ಅವಳ ಮುಂದೆ ಮಂಡಿಯೂರಿ, ಬಿಂದಿಗೆಯನ್ನು ಸೊಂಟದ ಮಟ್ಟಕ್ಕೆ ಎತ್ತಿ, ಸೊಂಟಪಟ್ಟಿಯ ಸುತ್ತ ನೀರು ಸುರಿದಳು. ಗಂಜಿ ಹಾಕಿದ ಪದರಗಳು ಒಮ್ಮೆಗೇ ನೀರು ಹಿಡಿಯಲಿಲ್ಲ; ಮೊದಲ ನೀರು ಮೇಲಿಂದ ಜಾರಿಹೋಯಿತು. ಮತ್ತೆ ಸುರಿದಳು. ಆಗ ಲಂಗ ನಿಧಾನವಾಗಿ ಉಸಿರು ಬಿಟ್ಟ ಹಾಗೆ ಕುಸಿದು ಮಗುವಿನ ಕಾಲಿಗೆ ಅಂಟಿಕೊಂಡಿತು. ತಟ್ಟೆಯ ದೀಪ ನಡುಗಿತು, ಮಲಗಿತು, ಮತ್ತೆ ಎದ್ದು ನಿಂತಿತು.

"ಕಾಲಿಗೆ ಹಾಕೇ ಅಂದ್ರೆ ಮೈಗೆ ಸುರೀತಾವಳಲ್ಲ! ಮಗ ನೆಗಡಿ ಮಾಡ್ಕೊಂಡೀತು," ಎಂದರು ಪಕ್ಕದಲ್ಲಿ ಬರುತ್ತಿದ್ದ ಅಮ್ಮಯಮ್ಮ.

"ಸುಮ್ಕಿರು ಅಮ್ಮಯಕ್ಕ," ಎಂದಳು ರುಕ್ಮಿಣಮ್ಮ. "ನಿನ್ ಸೊಸೆಗೆ ಈಗ್ಲಾದ್ರೂ ಭಕ್ತಿ ಬಂತಲ್ಲ."

ವನಜಾಕ್ಷಿ ಬೆನ್ನು ತಿರುಗಿಸಲಿಲ್ಲ. ಮಗಳ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಪ್ರತಿ ಹೊಸಿಲಿನಿಂದಲೂ ಬಿಂದಿಗೆ ಇಸಿದುಕೊಳ್ಳುತ್ತ, ನೆಲದ ಕರ್ಪೂರಕ್ಕೂ ಲಂಗಕ್ಕೂ ನಡುವೆ ತನ್ನ ಕಾಲು ಇಡುತ್ತ, ಗುಡಿಯವರೆಗೂ ನೀರು ಸುರಿದುಕೊಂಡು ಹೋದಳು. ಅವಳ ಸೀರೆಯೂ ತೊಯ್ದಿತು. ಸಪ್ಪಲಮ್ಮನ ಮುಂದೆ ತಟ್ಟೆ ಇಳಿಸಿದಾಗ ದೀಪ ಉರಿಯುತ್ತಲೇ ಇತ್ತು. ಅಮ್ಮಯಮ್ಮ ಆರತಿಯನ್ನು ಕಣ್ಣಿಗೆ ಒತ್ತಿಕೊಂಡರು. ಹರಕೆ ತೀರಿತು.

ಮನೆಗೆ ಬಂದಮೇಲೆ ಲಂಗವನ್ನು ಬಿಚ್ಚಿ ಹಿತ್ತಿಲ ತಂತಿಯ ಮೇಲೆ ಹರವಿದರು. ಕೀರ್ತನ ಅಜ್ಜಿಯ ಶಾಲು ಹೊದ್ದು, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಆರತಿಯ ತಂಬಿಟ್ಟನ್ನು ಮುರಿದು ತಿನ್ನುತ್ತಿದ್ದಳು. ಬತ್ತಿ ಉರಿದ ಕಡೆ ಹಿಟ್ಟು ಕಪ್ಪಾಗಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ವನಜಾಕ್ಷಿ ಅವಳ ಪಕ್ಕದಲ್ಲಿ ಕೂತಿದ್ದಳು. ಸೀರೆ ಬದಲಿಸಿರಲಿಲ್ಲ. ಸೊಂಟದ ಗಂಟಿನಲ್ಲಿ ಅರ್ಧ ಸುಟ್ಟ ಪಟ್ಟಿ ಒದ್ದೆಯಾಗಿ ಮುದ್ದೆಗಟ್ಟಿತ್ತು. ಹೆಬ್ಬೆರಳಿನ ನೇರಳೆ ಶಾಯಿ ಇಷ್ಟು ನೀರಿಗೂ ಹೋಗಿರಲಿಲ್ಲ.

"ಅಮ್ಮ, ಇನ್ನೂ ದೊಡ್ಡ ದೊಡ್ಡ ಲಂಗ ಹೊಲಿದ್ರಿ ಅಂದ್ಯಲ್ಲ, ಅವೂ ಹಿಂಗೇ ದೀಪದ ಹತ್ರ ಉಟ್ಕೊಳೋಕಾ?"

"ಹ್ಞೂಂ."

"ಅವ್ರಿಗೂ ನೀರು ಹಾಕ್ತಾರಾ?"

ದೂರದಲ್ಲಿ ತಮಟೆಯವರು ಚರ್ಮ ಕಾಯಿಸಲು ಹುಲ್ಲು ಹಚ್ಚಿದ್ದರು. ಗೋಡೆಯ ಮೇಲೆ ಅದರ ಬೆಳಕು ಏರಿ ಇಳಿಯಿತು. ವನಜಾಕ್ಷಿ ಮಗಳ ಶಾಲನ್ನು ಸರಿಮಾಡಿದಳು.

ಒಳಗಿನಿಂದ ಅಮ್ಮಯಮ್ಮ ಕೂಗಿದರು. "ಆ ಲಂಗ ಒಳಕ್ಕೆ ತಂದಾಕೇನೂ ಬ್ಯಾಡ. ಗಾಳಿ ಚೆನ್ನಾಗೈತೆ. ಬೆಳಗ್ಗೆ ಹೊತ್ಗೆ ಗರಿಗರಿ ಒಣಗಿರ್ತದೆ."

ತಂತಿಯ ಮೇಲೆ ಅದು ಕತ್ತಲಲ್ಲೂ ಬೆಳ್ಳಗೆ ಕಾಣುತ್ತಿತ್ತು. ಅದರ ಅಂಚಿನಿಂದ ಹನಿಗಳು ಮೊದಲು ಒಂದರ ಹಿಂದೊಂದು, ಪಟಪಟನೆ ಒಗೆಯುವ ಕಲ್ಲಿನ ಮೇಲೆ ಬೀಳುತ್ತಿದ್ದವು. ಆಮೇಲೆ ಒಂದು ಬಿದ್ದು, ಇನ್ನೊಂದಕ್ಕೆ ಸ್ವಲ್ಪ ಕಾಯಬೇಕಾಯಿತು. ಗಾಳಿ ಬೀಸಿದಾಗ ಕೆಳಗಿನ ಪದರವೊಂದು ಮಿಕ್ಕವುಗಳಿಂದ ಬಿಡಿಸಿಕೊಂಡು, ಸ್ವಲ್ಪವೇ ಮೇಲಕ್ಕೆ ಎದ್ದಿತು. ವನಜಾಕ್ಷಿ ಮುಂದಿನ ಹನಿಗೆ ಕಿವಿಗೊಟ್ಟು ಕೂತಳು.